ಕೇಳುಗನ ಕುರ್ಚಿಯಿಂದ ಮೈಕಿನ ಮುಂದಕ್ಕೆ: ಜೋ ಬೆನಿಗ್ನೊ

ರೇಡಿಯೊದಲ್ಲಿ ಕ್ರೀಡೆ ಎಂದರೆ ನಮಗೆ ಮೊದಲು ನೆನಪಾಗುವುದು ವೀಕ್ಷಕ ವಿವರಣೆ. ನ್ಯೂಯಾರ್ಕಿನವರಿಗಾದರೋ ಪಂದ್ಯ ಮುಗಿದ ಮೇಲಿನ ವಾಗ್ವಾದವೂ ಅಷ್ಟೇ ಮುಖ್ಯ. 1987ರ ಜುಲೈ 1ರಂದು ಶುರುವಾದ ಅಲ್ಲಿನ ಡಬ್ಲ್ಯುಎಫ್‌ಎಎನ್, ಹಗಲಿರುಳೂ ಕ್ರೀಡೆಯ ಮಾತನ್ನೇ ಆಡುವ ಮೊದಲ ರೇಡಿಯೊ ಕೇಂದ್ರ. ಅದರ ದೊಡ್ಡ ಹೆಸರು ಮೈಕ್ ಫ್ರಾನ್ಸೆಸಾ. ಸಿಬಿಎಸ್ ವಾಹಿನಿಯಲ್ಲಿ ಪಳಗಿ ಬಂದ ಅವರು 1989ರಿಂದ ಕ್ರಿಸ್ ರುಸ್ಸೊ ಜೊತೆಗೂಡಿ ಮಧ್ಯಾಹ್ನದ ಹೊತ್ತನ್ನು ಸುಮಾರು ಎರಡು ದಶಕ ಆಳಿದರು. ಆದರೆ ನನಗೆ ಹೆಚ್ಚು ಆಪ್ತರಾದವರು ಅದೇ ಕೇಂದ್ರದ ಜೋ ಬೆನಿಗ್ನೊ.

ಬೆನಿಗ್ನೊ ಮೊದಲು ನ್ಯೂಜೆರ್ಸಿಯ ಒಬ್ಬ ಮಾರಾಟ ಪ್ರತಿನಿಧಿಯಾಗಿದ್ದರು. ಕೇಂದ್ರಕ್ಕೆ ಮತ್ತೆ ಮತ್ತೆ ಕರೆ ಮಾಡಿ, ತಮ್ಮ ಮೆಚ್ಚಿನ ಜೆಟ್ಸ್ (ಅಮೆರಿಕನ್ ಫುಟ್‌ಬಾಲ್) ಮತ್ತು ಮೆಟ್ಸ್ (ಬೇಸ್‌ಬಾಲ್) ತಂಡಗಳ ಬಗ್ಗೆ ಗಂಟಲು ಹರಿಯುವಂತೆ ವಾದಿಸುತ್ತಿದ್ದ ಅವರು, ಕೇಳುಗರಿಗೆಂದೇ ನಡೆದ ಸ್ಪರ್ಧೆಯೊಂದರಲ್ಲಿ ಗೆದ್ದು ಕಾರ್ಯಕ್ರಮ ನಡೆಸುವ ಅವಕಾಶ ಪಡೆದರು. 1995ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ರಾತ್ರಿ ಪಾಳಿಯ ನಿರೂಪಕರಾದರು. ಅಪರಾತ್ರಿಯಲ್ಲಿ ಒಬ್ಬರೇ ಕೂತು, 'ಬಹುಕಾಲದ ಕೇಳುಗ, ಕರೆ ಮಾಡುತ್ತಿರುವುದು ಇದೇ ಮೊದಲು' ಎಂದು ಅಳುಕುತ್ತಲೇ ಮಾತು ಶುರುಮಾಡುವವರನ್ನು ಗಂಟೆಗಟ್ಟಲೆ ಮಾತನಾಡಿಸುವ ಆ ಕೆಲಸ ಸಾಮಾನ್ಯದ್ದಲ್ಲ. ಲೈನಿನಲ್ಲಿ ಕಾಯುವವನ ಎದೆಬಡಿತ ಎಂಥದ್ದೆಂದು ಸ್ವತಃ ಬಲ್ಲವರಿಗೆ ಮಾತ್ರ ಅದು ಅಷ್ಟು ಚೆನ್ನಾಗಿ ಒಲಿಯುತ್ತದೆ ಎಂಬುದು ನನ್ನ ದೃಢ ನಂಬಿಕೆ.

ನಿರೂಪಕನಾದವನು ಯಾವ ತಂಡದ ಪಕ್ಷವನ್ನೂ ವಹಿಸಬಾರದು ಎಂಬ ಆಕ್ಷೇಪ ನನಗೆ ಗೊತ್ತು. ಸುದ್ದಿ ಓದುವವರಿಗೆ ಅದು ಸರಿಯಾದ ನಿಯಮವೇ. ಆದರೆ 1969ರ ಜನವರಿಯಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತಂಡವನ್ನು ಸೋಲಿಸಿ ಸೂಪರ್ ಬೌಲ್ ಗೆದ್ದ ಜೆಟ್ಸ್ ಆಮೇಲೆ ಮತ್ತೆಂದೂ ಆ ಅಂತಿಮ ಪಂದ್ಯವನ್ನೇ ತಲುಪದಿದ್ದಾಗ, ಆ ತಂಡವನ್ನೇ ನೆಚ್ಚಿಕೊಂಡ ಊರಿನೊಂದಿಗೆ ಪಂದ್ಯದ ಮರುದಿನ ಸೋಮವಾರ ಮಾತಿಗೆ ಕೂರುವವನು ತನ್ನ ಸಂಕಟವನ್ನು ಮುಚ್ಚಿಟ್ಟರೆ ಅದು ನಿಷ್ಪಕ್ಷಪಾತವಲ್ಲ, ನಟನೆ. ಬೆನಿಗ್ನೊ ನಟಿಸಲಿಲ್ಲ, ತಂಡದ ಆಡಳಿತದ ತಪ್ಪುಗಳನ್ನು ಅವರಷ್ಟು ಕಟುವಾಗಿ ಎತ್ತಿ ಆಡಿದವರು ಕಡಿಮೆ.

2007ರಿಂದ ಅವರು ಇವಾನ್ ರಾಬರ್ಟ್ಸ್ ಜೊತೆ ಹಗಲಿನ ಕಾರ್ಯಕ್ರಮ ನಡೆಸಿದರು. ಫ್ರಾನ್ಸೆಸಾ 2019ರ ಕೊನೆಗೆ ನಿರ್ಗಮಿಸಿದಾಗ, ಕೇಂದ್ರದ ಅತ್ಯಂತ ಪ್ರತಿಷ್ಠಿತವಾದ ಆ ಮಧ್ಯಾಹ್ನದ ಹೊತ್ತು ಒಂದು ಕಾಲದ ಈ ಕರೆಗಾರನ ಪಾಲಿಗೆ ಬಂತು. 2020ರ ನವೆಂಬರಿನಲ್ಲಿ ಬೆನಿಗ್ನೊ ನಿವೃತ್ತರಾದರು. ಮಾಜಿ ಆಟಗಾರರನ್ನೇ ಹುಡುಕಿ ಕೂರಿಸುವ ಇಂದಿನ ಕ್ರೀಡಾ ವಾಹಿನಿಗಳು, ಕೇಳುಗರಿಗೆಂದು ಅಂಥದ್ದೊಂದು ಸ್ಪರ್ಧೆಯನ್ನು ವರ್ಷಕ್ಕೊಮ್ಮೆಯಾದರೂ ನಡೆಸಬೇಕು.