ಪರಮ ಪ್ರಸಾದಕ್ಕೂ ರೀಟೇಕ್

"ಫಾದರ್, ಇನ್ನೊಂದು ಸಲ. ಸ್ವಲ್ಪ ಈ ಕಡೆ ತಿರುಗಿ."

ಇಂದು ಬೆಳಿಗ್ಗೆ ನಮ್ಮ ಚರ್ಚಿನಲ್ಲಿ ಬಲಿಪೂಜೆಯ ನಡುವೆ ಕಿವಿಗೆ ಬಿದ್ದ ಮಾತಿದು. ಮಕ್ಕಳು ಮೊದಲ ಸಲ ಪರಮ ಪ್ರಸಾದ, ಅಂದರೆ ಪೂಜೆಯಲ್ಲಿ ಅರ್ಪಿಸಿದ ರೊಟ್ಟಿ, ಸ್ವೀಕರಿಸುವ ದಿನ. ಹುಡುಗಿ ಬಾಯಿ ತೆರೆದುಕೊಂಡೇ ನಿಂತಳು. ಗುರುಗಳ ಬೆರಳ ತುದಿಯಲ್ಲಿ ಕ್ರಿಸ್ತರ ಶರೀರ. ಕ್ಯಾಮೆರಾದವನು ನಿಧಾನವಾಗಿ ಫೋಕಸ್ ಸರಿಮಾಡಿಕೊಂಡ. ಅವಳ ಆಮೆನ್ ಯಾರಿಗೂ ಕೇಳಿಸಲಿಲ್ಲ. ನನಗೆ ಮೈ ಉರಿದುಹೋಯಿತು.

ನಮ್ಮ ನಂಬಿಕೆಯಾದರೂ ಏನು? ಅಲ್ಲಿ ಕೊಡುವುದು ಸಾಕ್ಷಾತ್ ಯೇಸುಸ್ವಾಮಿಯನ್ನೇ. ಕಣ್ಣಿಗೆ, ನಾಲಗೆಗೆ ರೊಟ್ಟಿ. ಒಳಗಿನ ಸತ್ವವೇ ಬೇರೆ. ಕಥೋಲಿಕ ಧರ್ಮಸಭೆಯ 1215ರ ಲ್ಯಾಟೆರನ್ ಮಹಾಸಭೆ ಹೇಳಿದ್ದೂ ಇದನ್ನೇ, 1551ರಲ್ಲಿ ಟ್ರೆಂಟ್ ಮಹಾಸಭೆ ಮತ್ತೆ ಒತ್ತಿ ಹೇಳಿದ್ದೂ ಇದನ್ನೇ. ಇಷ್ಟನ್ನು ನಂಬುವವರು ದೇವರಿಗೇ "ಸ್ವಲ್ಪ ತಡೆಯಿರಿ, ಬೆಳಕು ಸರಿಯಿಲ್ಲ" ಎನ್ನುವುದೇ?

"ಮಕ್ಕಳಿಗೆ ಸಂಭ್ರಮ ಬೇಡವೇನೋ?" ಎಂದು ಅಕ್ಕ ಆಗಲೇ ವಾಟ್ಸ್‌ಆ್ಯಪ್‌ನಲ್ಲಿ ಕೇಳಿದ್ದಾಳೆ. ಬೇಕು ಅಕ್ಕ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಸಾಯಂಕಾಲದವರೆಗೂ ಫೋಟೊ ತೆಗೆಸಿಕೊಳ್ಳಿ, ಯಾರು ಬೇಡ ಎಂದರು? 1910ರಲ್ಲಿ ಪೋಪ್ ಹತ್ತನೇ ಪಿಯುಸ್ ಅವರು ಏಳು ವರ್ಷದ ಆಸುಪಾಸಿನ ಮಕ್ಕಳಿಗೂ ಪ್ರಸಾದ ಕೊಡಿ ಎಂದರು. ಸಾಮಾನ್ಯ ರೊಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಆ ವಯಸ್ಸಿಗೆ ತಿಳಿಯುತ್ತದೆ ಎಂಬುದು ಅವರ ಲೆಕ್ಕ. ಮಕ್ಕಳಿಗೇನೋ ತಿಳಿದಿದೆ. ಹೆತ್ತವರಿಗೆ ಜ್ಞಾನೋಪದೇಶದ ತರಗತಿ ನಡೆಸುವವರು ಯಾರು?

ಗ್ರೀಸಿನ ಕೊರಿಂಥ ಪಟ್ಟಣದ ಮೊದಲ ಕ್ರೈಸ್ತರಲ್ಲೂ ಇದೇ ಗೋಳು. ಉಳ್ಳವರು ಮೊದಲೇ ಉಂಡು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದುಕೊಂಡಿರುತ್ತಿದ್ದರು. ನೀವು ಉಣ್ಣುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ ಎಂದು ಸಂತ ಪೌಲರು ಪತ್ರ ಬರೆದು ಗದರಿಸಿದರು. ಇಂದು ಸಾಲಿನ ಕೊನೆಯಲ್ಲಿ ಒಬ್ಬ ಹುಡುಗಿ ಯಾರದೋ ಹಳೆಯ ಬಿಳಿ ಫ್ರಾಕಿನ ಅಂಚು ಮಡಿಚಿ ಹೊಲಿಸಿಕೊಂಡು ಬಂದಿದ್ದಳು. ಹಳೆಯ ಹೊಲಿಗೆಯ ತೂತುಗಳು ಕಾಣುತ್ತಿದ್ದವು. ಅವಳ ಸರದಿ ಬಂದಾಗ ಕ್ಯಾಮೆರಾದವನು ಬ್ಯಾಟರಿ ಬದಲಿಸುತ್ತಿದ್ದ. ಮನೆಯವರು ಆಲ್ಬಮ್ಮಿಗೆ ಹಣ ಕಟ್ಟಿರಲಿಲ್ಲವಂತೆ. ಇಡೀ ಸಾಲಿನಲ್ಲಿ ತಡೆಯಿಲ್ಲದೆ ಪ್ರಸಾದ ಸಿಕ್ಕಿದ್ದು ಅವಳೊಬ್ಬಳಿಗೇ!

ನಾನೇನು ಮಹಾ ಭಕ್ತನಲ್ಲ, ನಿಮಗೆಲ್ಲ ಗೊತ್ತಿದೆ. ಎಷ್ಟೋ ಭಾನುವಾರ ಪ್ರಸಾದ ಬಾಯಲ್ಲಿ ಕರಗಿದರೂ ಮನಸ್ಸಿಗೆ ಏನೂ ಅನ್ನಿಸುವುದಿಲ್ಲ. ಆದರೂ ಸಾಲಿನಲ್ಲಿ ನಿಲ್ಲುತ್ತೇನೆ. ಮನೆ ಮಾಲೀಕನೂ ಬಾಡಿಗೆ ಬಾಕಿ ಉಳಿಸಿಕೊಂಡವನೂ ಹಿಂದೆ ಮುಂದೆ ನಿಂತು ಒಂದೇ ಅಳತೆಯ ತುಣುಕಿಗೆ ಕೈಯೊಡ್ಡುವ ಜಾಗ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಅಲ್ಲಿಗೂ ಪ್ಯಾಕೇಜ್ ದರ ಬಂದಿದೆ ಎಂಬುದೇ ನನ್ನ ಸಿಟ್ಟು.

ಮುಂದಿನ ವರ್ಷ ಪೀಠದ ಮೆಟ್ಟಿಲಿಗೆ ಕ್ಯಾಮೆರಾ ಹತ್ತಿಸಬೇಡಿ ಎಂದು ಗುರುಗಳಿಗೆ ಹೇಳಿಬಂದೆ. "ಪೋಷಕರು ಬೇಸರ ಮಾಡಿಕೊಳ್ಳುತ್ತಾರೆ" ಎಂದರು. ಮಾಡಿಕೊಳ್ಳಲಿ. ಮೊದಲ ದೂರು ನಮ್ಮ ಅಕ್ಕನದೇ ಇರುತ್ತದೆ.