ಅಮ್ಮನ ಕಾಲಿಗೆ ಎಕ್ಸ್‌ರೇ ಸಿಗಲಿಲ್ಲ

ಕಳೆದ ಚಳಿಗಾಲ ಅಮ್ಮ ನಮ್ಮ ಜೊತೆ ಇರೋಕೆ ಅಂತ ಇಲ್ಲಿಗೆ, ಇಂಗ್ಲೆಂಡಿನ ಡೆವನ್‌ಗೆ ಬಂದಿದ್ದಳು. ಬಂದ ಎರಡನೇ ವಾರವೇ ಮೆಟ್ಟಿಲಿಳಿಯುವಾಗ ಕಾಲು ಉಳುಕಿತು. ಗಿಣ್ಣು ಊದಿಕೊಂಡಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡೂವರೆ ಗಂಟೆ ಕಾದ ಮೇಲೆ ಒಬ್ಬ ನರ್ಸ್ ಬಂದು, ಗಿಣ್ಣಿನ ಎರಡೂ ಕಡೆ ಮೂಳೆ ಒತ್ತಿ, ನಾಲ್ಕು ಹೆಜ್ಜೆ ನಡೆಸಿ, ಎಕ್ಸ್‌ರೇ ಬೇಕಿಲ್ಲ, ಐಸ್ ಇಡಿ ಅಂತ ಹೇಳಿ ಕಳಿಸಿಬಿಟ್ಟಳು.

ಕಾರು ಹತ್ತುವಾಗ ಅಮ್ಮ ಅಂದಳು: "ಒಂದು ಎಕ್ಸ್‌ರೇ ತೆಗೆಯೋಕೂ ಇಷ್ಟು ಜಿಪುಣತನಾನಾ ಇವರಿಗೆ? ನಮ್ಮ ಕಡೆ ಆಗಿದ್ರೆ ಬಾಗಿಲಲ್ಲೇ ತೆಗೆದು ಕೈಗೆ ಕೊಡ್ತಿದ್ರು."

ಸುಳ್ಳಲ್ಲ. ಕೊಡುತ್ತಿದ್ದರು. ಆಮೇಲೆ ಆ ದೊಡ್ಡ ಕವರು ಮನೆಗೆ ಬಂದು, ಮನೆಯವರೆಲ್ಲ ಒಬ್ಬೊಬ್ಬರಾಗಿ ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು, "ಇಲ್ಲೇ ನೋಡು, ಸಣ್ಣ ಗೆರೆ" ಅಂತ ತೀರ್ಪು ಕೊಟ್ಟು, ಕೊನೆಗೆ ಅದು ಬೀರುವಿನ ಮೇಲೆ ಸೇರುತ್ತಿತ್ತು, ಮುಂದಿನ ಗ್ರಹಣದವರೆಗೆ. (ಹಾಗೆ ಗ್ರಹಣ ನೋಡಬಾರದು ಅಂತ ಗೊತ್ತಾಗುವಷ್ಟರಲ್ಲಿ ನಾನು ಎರಡು ನೋಡಿ ಮುಗಿಸಿದ್ದೆ.)

ನಿಜ ಹೇಳಬೇಕಂದ್ರೆ ನನಗೂ ಆವತ್ತು ಸಿಟ್ಟು ಬಂದಿತ್ತು. ಮನೆಗೆ ಬಂದು ಹುಡುಕಿದಾಗ ಗೊತ್ತಾಯಿತು, ಆ ಒತ್ತೋದು, ನಾಲ್ಕು ಹೆಜ್ಜೆ ನಡೆಸೋದು ಆಕೆಯ ಮನಸ್ಸಿಗೆ ಬಂದದ್ದಲ್ಲ. ಕೆನಡಾದ ಒಟ್ಟಾವಾದಲ್ಲಿ 1992ರ ಹೊತ್ತಿಗೆ ರೂಪಿಸಿದ ನಿಯಮ ಅದು. ಒತ್ತಿದಾಗ ಆ ಜಾಗದ ಮೂಳೆ ನೋಯದೆ, ನಾಲ್ಕು ಹೆಜ್ಜೆ ಇಡೋಕೆ ಆದರೆ ಮೂಳೆ ಮುರಿದಿರುವ ಸಾಧ್ಯತೆ ತೀರಾ ಕಡಿಮೆ. ಅದರ ಮೇಲೆ ಇಲ್ಲಿ 2017ರ ಒಂದು ಕಾನೂನೂ ಇದೆ. ರೋಗಿಯ ಮೇಲೆ ಹಾಯಿಸುವ ಪ್ರತಿ ಎಕ್ಸ್‌ರೇಗೂ, ಇದರಿಂದ ಲಾಭ ಜಾಸ್ತಿಯೋ ವಿಕಿರಣದ ಅಪಾಯ ಜಾಸ್ತಿಯೋ ಅಂತ ಯಾರಾದರೂ ತೂಗಿ ಒಪ್ಪಿರಲೇಬೇಕು. ರೋಗಿ ಕೇಳಿದ ಅನ್ನೋದು ಕಾರಣ ಆಗೋದಿಲ್ಲ.

ನಮ್ಮಲ್ಲಿ ಅದೊಂದೇ ಸಾಕಾದ ಕಾರಣ, ಅಲ್ವಾ? ಬರೀ ಮಾತಾಡಿ, ಮುಟ್ಟಿ ನೋಡಿ ಕಳಿಸಿದ ಡಾಕ್ಟರು "ಏನೂ ನೋಡಲೇ ಇಲ್ಲ" ಅನ್ನಿಸಿಕೊಳ್ಳುತ್ತಾರೆ.

ನಮ್ಮ ಭಾವನ ಕಥೆ ಕೇಳಿ. ಹೊಟ್ಟೆನೋವು ಅಂತ ಒಂದೇ ವರ್ಷದಲ್ಲಿ ಮೂರು ಸಿಟಿ ಸ್ಕ್ಯಾನ್ ಆಯಿತು. ಮೊದಲನೆಯದು ಸರಿ, ಬೇಕಿತ್ತು. ಎರಡನೆಯದು, ಹೊಸ ಆಸ್ಪತ್ರೆಯವರು ಹಳೆ ಆಸ್ಪತ್ರೆಯ ಸಿಡಿಯನ್ನು ತೆರೆದೂ ನೋಡಲಿಲ್ಲವಾದ್ದರಿಂದ. ಮೂರನೆಯದು, ಭಾವನಿಗೇ ಸಮಾಧಾನ ಆಗಲಿಲ್ಲವಾದ್ದರಿಂದ. ಸಿಟಿಯೂ ಎಕ್ಸ್‌ರೇಯೇ, ದೇಹದ ಸುತ್ತಲಿಂದ ಹಾಯಿಸೋದು. ಹೊಟ್ಟೆಯ ಒಂದು ಸಿಟಿ ಅಂದರೆ ಸುಮಾರು 10 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ). ಎದೆಯ ಒಂದು ಎಕ್ಸ್‌ರೇಗೆ ಇಲ್ಲಿನವರು ಹೇಳುವ ಲೆಕ್ಕ 0.014. ಅಂದರೆ ಒಂದೇ ಸಿಟಿಯಲ್ಲಿ ಏಳುನೂರು ಎದೆ ಎಕ್ಸ್‌ರೇ! ಸುಮ್ಮನೆ ಭೂಮಿ ಮೇಲೆ ಬದುಕಿರೋದಕ್ಕೆ, ಅಂದರೆ ನೆಲದಿಂದ, ಆಕಾಶದಿಂದ, ತಿನ್ನುವ ಊಟದಿಂದ, ನಮಗೆ ವರ್ಷಕ್ಕೆ ಬರುವ ಜಾಗತಿಕ ಸರಾಸರಿ 2.4. ಭಾವ ಹತ್ತು ವರ್ಷಕ್ಕೂ ಜಾಸ್ತಿ ಲೆಕ್ಕದ್ದನ್ನು ಒಂದೇ ವರ್ಷದಲ್ಲಿ ಮುಗಿಸಿದರು.

ಅದೇ ಭಾವ, ಅದೇ ವರ್ಷ, ಪಕ್ಕದ ಮನೆ ಮಹಡಿ ಮೇಲೆ ಮೊಬೈಲ್ ಟವರ್ ಬರುತ್ತೆ ಅಂತ ಬೀದಿಯವರ ಸಹಿ ಹಾಕಿಸಿಕೊಂಡು ಓಡಾಡಿದರು. ಫೋನಿನಲ್ಲಿ ನನಗೆ ಅರ್ಧ ಗಂಟೆ ಪಾಠ. ಟವರಿನಿಂದ ಬರೋದು ರೇಡಿಯೋ ಅಲೆ ಭಾವ, ಜೋರಾಗಿದ್ದರೆ ಸ್ವಲ್ಪ ಬಿಸಿ ಮಾಡುತ್ತೆ ಅಷ್ಟೇ, ಎಕ್ಸ್‌ರೇ ಹಾಗೆ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು ಡಿಎನ್‌ಎ ಎಳೆ ಕಡಿಯುವ ಶಕ್ತಿ ಅದಕ್ಕಿಲ್ಲ ಅಂದೆ. 2012ರಲ್ಲೇ ಭಾರತ ಟವರುಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತ್ತು ಅಂತಲೂ ಹೇಳಿದೆ. "ನೀನು ಅಲ್ಲಿ ಕೂತು ಏನು ಬೇಕಾದ್ರೂ ಹೇಳ್ತೀಯ" ಅಂದರು. ಹೊರಗಿದ್ದವರಿಗೆ ಈ ಮಾತು ಹೊಸದಲ್ಲ.

ಇನ್ನೊಂದು ತಮಾಷೆ ನಮ್ಮ 'ಸ್ಕ್ಯಾನಿಂಗ್' ಅನ್ನುವ ಪದ. ಬಸುರಿಯ ಹೊಟ್ಟೆಗೆ ಜೆಲ್ ಹಚ್ಚಿ ನೋಡೋದೂ ಸ್ಕ್ಯಾನಿಂಗೇ, ಎಂಆರ್‌ಐ ಕೂಡ ಸ್ಕ್ಯಾನಿಂಗೇ, ಸಿಟಿಯೂ ಸ್ಕ್ಯಾನಿಂಗೇ. ಮೊದಲನೆಯದು ಬರೀ ಶಬ್ದದ ಅಲೆ. ಎರಡನೆಯದು ಅಯಸ್ಕಾಂತ ಮತ್ತು ರೇಡಿಯೋ ಅಲೆ. ಡಿಎನ್‌ಎ ಕಡಿಯುವಂಥ ವಿಕಿರಣ ಇರೋದು ಮೂರನೆಯದರಲ್ಲಿ ಮಾತ್ರ. ಎಂಆರ್‌ಐ ಗುಹೆಯೊಳಗೆ ಹೋಗೋಕೆ ಹೆದರುವವರು ಸಿಟಿಗೆ ಆರಾಮಾಗಿ ಮಲಗುತ್ತಾರೆ, ಬೇಗ ಮುಗಿಯುತ್ತೆ ಅಂತ.

ಇಲ್ಲಿನವರ ಭಯವೇ ಬೇರೆ. ನಾವು ಮನೆ ಕೊಳ್ಳುವಾಗ ವಕೀಲರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, ರೇಡಾನ್ ಅಳೆದಿದ್ದಾರಾ ಅನ್ನೋದು. ಡೆವನ್, ಕಾರ್ನ್‌ವಾಲ್ ಕಡೆ ನೆಲದಡಿ ಗ್ರಾನೈಟು. ಅದರಲ್ಲಿರುವ ಯುರೇನಿಯಂ ನಿಧಾನವಾಗಿ ಒಡೆಯುತ್ತಾ ರೇಡಾನ್ ಅನ್ನುವ, ವಿಕಿರಣ ಸೂಸುವ ಅನಿಲ ಆಗುತ್ತೆ. ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗಾಲದಲ್ಲಿ ಮನೆ ಬೆಚ್ಚಗೆ ಮಾಡಿ ಬಾಗಿಲು ಹಾಕಿಕೊಂಡರೆ ಬಿಸಿ ಗಾಳಿ ಮೇಲಕ್ಕೇರಿ ನೆಲದಿಂದ ಇದನ್ನು ಒಳಗೆ ಎಳೆಯುತ್ತೆ. ಅದು ಒಡೆದು ಆಗುವ ಕಣಗಳು ಉಸಿರಲ್ಲಿ ಹೋಗಿ ಶ್ವಾಸಕೋಶದಲ್ಲಿ ಕೂರುತ್ತವೆ, ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಜಾಸ್ತಿ. ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 1,100 ಶ್ವಾಸಕೋಶ ಕ್ಯಾನ್ಸರ್ ಸಾವಿಗೆ ಇದೂ ಕಾರಣ ಅಂತ ಲೆಕ್ಕ. ಪೋಸ್ಟಿನಲ್ಲಿ ಎರಡು ಪುಟಾಣಿ ಪ್ಲಾಸ್ಟಿಕ್ ಡಬ್ಬಿ ಬಂತು. ನಡುಮನೆಯಲ್ಲೊಂದು, ಮಲಗುವ ಕೋಣೆಯಲ್ಲೊಂದು, ಮೂರು ತಿಂಗಳು. ವಾಪಸ್ ಕಳಿಸಿದೆವು. ಒಂದು ಕಾಗದ, ಅದರಲ್ಲಿ ಒಂದು ಸಂಖ್ಯೆ, ಇಲ್ಲಿ ಗೊತ್ತುಮಾಡಿರುವ 200ರ (ಒಂದು ಘನ ಮೀಟರ್ ಗಾಳಿಗೆ ಇಷ್ಟು ಬೆಕೆರೆಲ್ ಅನ್ನುವ ಲೆಕ್ಕ) ಮಿತಿಗಿಂತ ಕೆಳಗೆ. ಅಷ್ಟೇ. ಸಹಿ ಸಂಗ್ರಹ ಇಲ್ಲ, ಗಲಾಟೆ ಇಲ್ಲ.

ಹೀಗೆ ಇಲ್ಲಿನವರನ್ನು ಹೊಗಳುತ್ತಾ ಕೂತವನಿಗೆ ಅಮ್ಮ ಎರಡು ಕಡೆ ಕಾಲೆಳೆದಳು.

ಬೆಳಗ್ಗೆ ಎದ್ದ ತಕ್ಷಣ ಮನೆಯ ಎಲ್ಲ ಕಿಟಕಿ ತೆಗೆಯೋದು ಅವಳ ಅಭ್ಯಾಸ. ಹೀಟರ್ ಬಿಲ್ಲು ಏರುತ್ತೆ ಅಂತ ನಾನು ಹಿಂದೆಯೇ ಮುಚ್ಚಿಕೊಂಡು ಬರುತ್ತಿದ್ದೆ. ರೇಡಾನ್ ಬಗ್ಗೆ ಓದಿದರೆ ಅಲ್ಲಿಯೂ ಇದ್ದದ್ದು ಅದೇ: ಗಾಳಿಯಾಡಿದರೆ ಅದು ನಿಲ್ಲೋದಿಲ್ಲ. ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಫೆಬ್ರವರಿ ಪೂರ್ತಿ ನಾವು ಕೋಟು ಹಾಕಿಕೊಂಡು ಊಟ ಮಾಡಬೇಕಿತ್ತು.

ಎರಡನೆಯದು ಒಪ್ಪಿಕೊಳ್ಳೋಕೆ ಇನ್ನೂ ಕಷ್ಟ. ಕಾಲಿನ ಎಕ್ಸ್‌ರೇಯಲ್ಲಿ ಬರುವ ವಿಕಿರಣ 0.001 ಮಿಲಿಸೀವರ್ಟಿಗಿಂತಲೂ ಕಡಿಮೆಯಂತೆ. ಅಮ್ಮ ಬಂದ ವಿಮಾನದಲ್ಲೇ ಅದರ ಹತ್ತಾರು ಪಟ್ಟು ಆಗಿರುತ್ತೆ, ಅಷ್ಟು ಎತ್ತರದಲ್ಲಿ ಬಾಹ್ಯಾಕಾಶದ ಕಿರಣ ತಡೆಯೋಕೆ ಗಾಳಿ ಕಡಿಮೆ. ಅಂದಮೇಲೆ ಆವತ್ತು ಉಳಿಸಿದ್ದು ಅಮ್ಮನ ಮೂಳೆಯನ್ನಲ್ಲ, ಯಂತ್ರದ ಸಮಯವನ್ನ. ಜಿಪುಣತನ ಅಂತ ಅಮ್ಮ ಅಂದದ್ದು ತೀರಾ ತಪ್ಪಲ್ಲ. ನನ್ನ ಸ್ವಂತ ಬೆನ್ನಿನ ಎಂಆರ್‌ಐಗೆ ಐದು ತಿಂಗಳು ಕಾದಿದ್ದೇನೆ, ಅಲ್ಲಿ ಈ ವಿಕಿರಣದ ನೆಪವೂ ಇಲ್ಲ. ಭಾವನಿಗೆ ಮೊದಲ ಸಿಟಿ ಆದದ್ದು ನೋವು ಬಂದ ಮಾರನೇ ದಿನ.

ಅಮ್ಮ ಊರಿಗೆ ಹೋದ ನಾಲ್ಕನೇ ದಿನ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಕಿಟಕಿ ಬೆಳಕಿಗೆ ಹಿಡಿದ ಫಿಲ್ಮು, ಅಂಚಿನಲ್ಲಿ ಭಾವನ ಹೆಬ್ಬೆರಳು. ಕೆಳಗೆ, "ಏನೂ ಆಗಿಲ್ವಂತೆ. ಈಗ ಸಮಾಧಾನ."

ನಾನು ಝೂಮ್ ಮಾಡಿ ನೋಡಿದೆ. ಗಿಣ್ಣಿನ ಹತ್ತಿರ ಸಣ್ಣ ಗೆರೆ ಇದ್ದ ಹಾಗಿತ್ತು.