ಸಾಹೇಬ್ರೇ ಇಲ್ಲದ ಸರ್ಕಾರಿ ಬಂಗ್ಲೆ

ದೊಡ್ಡ ಹುದ್ದೆಗೆ ಬಂದವರು ಯಾರಾದ್ರೂ "ನಂಗೆ ಸರ್ಕಾರಿ ಬಂಗ್ಲೆ ಬೇಡ, ನಾನಿರೋ ಕಡೆನೇ ಇರ್ತೀನಿ" ಅಂದ್ರೆ ಸಾಕು, ಎಂಥಾ ಸರಳ ಮನುಷ್ಯ ಅಂತ ನಾವೆಲ್ಲ ಶೇರ್ ಮಾಡಿದ್ದೇ ಮಾಡಿದ್ದು. ಆದ್ರೆ ಆ ಬಂಗ್ಲೆ ಕಥೆ ಏನು ಅಂತ ಒಬ್ರೂ ಕೇಳಲ್ಲ. ಯಾರೂ ಇರಲ್ಲ ಅಂದ ಮಾತ್ರಕ್ಕೆ ಅದರ ಖರ್ಚು ನಿಲ್ಲಲ್ಲ ಕಣ್ರೀ. ಗೇಟಿಗೆ ಪೊಲೀಸ್, ತೋಟಕ್ಕೆ ಮಾಲಿ, ಕರೆಂಟು, ಲಿಫ್ಟ್ ಸರ್ವಿಸು ಎಲ್ಲಾ ಇದ್ದೇ ಇರುತ್ತೆ, ಅದರ ಮೇಲೆ ಸಾಹೇಬ್ರು ಇರೋ ಮನೆಗೂ ಬೇರೆ ಸೆಕ್ಯುರಿಟಿ.

ಜಪಾನ್ ನೋಡಿ. 2012ರ ಕೊನೆಗೆ ಎರಡನೇ ಸಲ ಪ್ರಧಾನಿಯಾದ ಶಿಂಜೊ ಅಬೆ ಅಧಿಕೃತ ನಿವಾಸಕ್ಕೆ ಹೋಗ್ಲೇ ಇಲ್ಲ, ಆಮೇಲೆ ಬಂದ ಸುಗಾನೂ ಹೋಗ್ಲಿಲ್ಲ. ಅಲ್ಲಿ ದೆವ್ವ ಇದೆ ಅಂತ ಗುಲ್ಲೆದ್ದು, ಸರ್ಕಾರನೇ "ನಮಗೆ ಗೊತ್ತಿಲ್ಲ" ಅಂತ ಲಿಖಿತ ಉತ್ತರ ಕೊಟ್ಟಿತ್ತು (ಇಲ್ಲ ಅನ್ನಲಿಲ್ಲ ನೋಡಿ!). ಖಾಲಿ ಬಿದ್ದಿರೋ ಈ ಮನೆಗೆ ವರ್ಷಕ್ಕೆ ಸುಮಾರು 16 ಕೋಟಿ ಯೆನ್ ಖರ್ಚಾಗ್ತಿದೆ, ಭೂಕಂಪ ಆದಾಗ ಪ್ರಧಾನಿ ದೂರದಿಂದ ಬರಬೇಕು, ಇದೇನ್ರೀ ವ್ಯವಸ್ಥೆ ಅಂತ 2021ರಲ್ಲಿ ಸಂಸತ್ತಲ್ಲೇ ಕೇಳಿದ್ರು. ಅದೇ ವರ್ಷ ಡಿಸೆಂಬರ್‌ನಲ್ಲಿ ಹೊಸ ಪ್ರಧಾನಿ ಕಿಶಿದಾ ಹೋಗಿ ಸೇರ್ಕೊಂಡ್ರು.

ಕೆನಡಾದ್ದು ಇನ್ನೂ ಮಜಾ. ಒಟ್ಟಾವಾದಲ್ಲಿರೋ ಪ್ರಧಾನಿ ನಿವಾಸ 24 ಸಸೆಕ್ಸ್ ಡ್ರೈವ್‌ಗೆ ಸುಮಾರು 1 ಕೋಟಿ ಡಾಲರ್ ರಿಪೇರಿ ಬೇಕು ಅಂತ ಅಲ್ಲಿನ ಆಡಿಟರ್ ಜನರಲ್ 2008ರಲ್ಲೇ ಬರೆದಿದ್ರು. ಜನರ ದುಡ್ಡಲ್ಲಿ ತನ್ನ ಮನೆ ಚಂದ ಮಾಡ್ಕೊಂಡ ಅನ್ನಿಸ್ಕೊಳ್ಳೋಕೆ ಯಾರಿಗೆ ಬೇಕು, ಯಾರೂ ಕೈ ಹಾಕ್ಲಿಲ್ಲ. 2015ರಲ್ಲಿ ಟ್ರುಡೋ ಬಂದ್ರು, ಹತ್ತಿರದ ರಿಡೋ ಕಾಟೇಜಲ್ಲಿ ಸಂಸಾರ ಹೂಡಿದ್ರು, ಆದ್ರೆ ಅಡುಗೆ ಮಾತ್ರ ಹಳೇ ಮನೇಲೇ ಬೇಯಿಸಿ ಅಲ್ಲಿಗೆ ಸಾಗಿಸ್ತಿದ್ರಂತೆ! ಕೊನೆಗೆ 2022ರಲ್ಲಿ ಪೂರ್ತಿ ಬೀಗ. ಗೋಡೆ ಒಳಗೆಲ್ಲ ಇಲಿ ಹಿಕ್ಕೆ, ಸತ್ತ ಇಲಿಗಳು, ಕಲ್ನಾರು (ಆಸ್ಬೆಸ್ಟಾಸ್), ಯಾವ ಕಾಲದ್ದೋ ವೈರಿಂಗು. ಅಷ್ಟೊತ್ತಿಗೆ ರಿಪೇರಿ ಅಂದಾಜು 3.6 ಕೋಟಿ ಡಾಲರ್ ದಾಟಿತ್ತು.

ಖಾಲಿ ಮನೆ ಹಾಳಾಗೋದು ಸದ್ದಿಲ್ದೆ. ಬಚ್ಚಲಿನ ಪೈಪ್ ಬೆಂಡಲ್ಲಿ ಸದಾ ಒಂಚೂರು ನೀರು ನಿಂತಿರುತ್ತೆ, ಗಟಾರದ ವಾಸನೆ ಮೇಲೆ ಬರದ ಹಾಗೆ ತಡೆಯೋದು ಅದೇ. ಬಳಸದೇ ಬಿಟ್ರೆ ಅದು ಆರಿ ಮನೆಯೆಲ್ಲ ಗಬ್ಬು. ವಾರಕ್ಕೊಂದ್ಸಲ ಎಲ್ಲಾ ನಲ್ಲಿ ಬಿಡ್ಬೇಕು, ಕಿಟಕಿ ತೆಗೀಬೇಕು, ಮಳೆ ಬಂದ ಮಾರನೇ ದಿನ ಯಾರಾದ್ರೂ ತಾರಸಿ ಹತ್ತಿ ನೋಡ್ಬೇಕು. ಇದಕ್ಕೆಲ್ಲ ಒಬ್ಬ ಜವಾಬ್ದಾರಿ ಮನುಷ್ಯ ಬೇಕು. "ಸಾಹೇಬ್ರೇ ಬರಲ್ವಲ್ಲ" ಅಂತ ಫೈಲು ಟೇಬಲ್ಲಿಂದ ಟೇಬಲ್ಲಿಗೆ ತಿರುಗ್ತಾ ಇದ್ರೆ ಆಯ್ತು ಕಥೆ.

ನ್ಯೂಯಾರ್ಕ್ ಮೇಯರ್ ಬ್ಲೂಮ್‌ಬರ್ಗ್ ಕೂಡ 2002ರಿಂದ 2013ರವರೆಗೆ ಸ್ವಂತ ಮನೇಲೇ ಇದ್ರು, ಆದ್ರೆ ಮೇಯರ್ ನಿವಾಸ ಗ್ರೇಸಿ ಮ್ಯಾನ್ಶನ್‌ನ ಸಭೆಗೆ, ಅತಿಥಿಗಳಿಗೆ, ಜನ ಬಂದು ನೋಡೋಕೆ ಅಂತ ಬಳಸಿದ್ರು. ಹೀಗೆ ಮಾಡೋದಾದ್ರೆ ನಂದೇನೂ ತಕರಾರಿಲ್ಲ. ಬರಲ್ಲ ಅನ್ನೋರು ಮೊದಲ ತಿಂಗಳಲ್ಲೇ ಬರೆದು ಕೊಡ್ಲಿ, ಎರಡೂ ಕಡೆ ಖರ್ಚಿನ ಲೆಕ್ಕ ಒಟ್ಟಿಗೆ ಜನರ ಮುಂದೆ ಇಡ್ಲಿ. ಆಮೇಲೆ ಬೇಕಾದ್ರೆ ಸರಳತೆ ಅಂತ ಹೊಗಳೋಣ.